ಹೆಂಗಸರ ಕೈಗೆ ಸಣ್ಣ ರಿವಾಲ್ವರೇ ಸರಿ ಎಂದರೆ ನಂಬಬೇಡಿ

ಟೆಕ್ಸಸ್‌ನಲ್ಲಿರುವ ನಮ್ಮ ಕನ್ನಡದ ಹೆಣ್ಣುಮಕ್ಕಳು ಮೊದಲ ಸಲ ಪಿಸ್ತೂಲೋ ರಿವಾಲ್ವರೋ ಕೊಳ್ಳುವ ಯೋಚನೆಯಲ್ಲಿದ್ದರೆ, ಅಂಗಡಿಗೆ ಹೋಗುವ ಮುಂಚೆ ಇದನ್ನೊಮ್ಮೆ ಓದಿ.

ನಮ್ಮ ಮನೆ ಊರಾಚೆ ಇದೆ. ನಮ್ಮವರು ಕೆಲಸದ ಮೇಲೆ ಆಗಾಗ ಪರಊರಿಗೆ ಹೋಗುತ್ತಾರೆ, ಆಗ ನಾನೂ ಮಗಳೂ ಇಬ್ಬರೇ. ಪೊಲೀಸರಿಗೆ ಫೋನ್ ಮಾಡಿದರೂ ಬರಲು ಹೊತ್ತಾಗುತ್ತದೆ. ಹಾಗಾಗಿ ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ ಒಂದನ್ನು ಕೊಳ್ಳೋಣ ಎಂದುಕೊಂಡೆವು. ಗ್ರೀನ್ ಕಾರ್ಡ್ ಮಾತು ಸುಮ್ಮನೆ ಎತ್ತಲಿಲ್ಲ. ಎಚ್-1ಬಿ, ಎಚ್-4, ಎಫ್-1 ವೀಸಾದಲ್ಲಿರುವವರು ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಳ್ಳುವುದನ್ನು ಇಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಇರುವಂತೆ ಕೆಲವು ವಿನಾಯಿತಿಗಳಿವೆ. ಅದನ್ನು ಗೆಳೆಯರ ಮಾತಿನ ಮೇಲೆ ನಂಬದೆ ವಕೀಲರನ್ನೇ ಕೇಳಿ. ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿನಲ್ಲಿ ಬಂದೂಕನ್ನು ಬಾಡಿಗೆಗೆ ಪಡೆದು ಕೈಯಲ್ಲಿ ಹಿಡಿದರೂ ತೊಂದರೆಗೆ ಸಿಲುಕಬಹುದು. "ನಿನ್ನ ಹೆಸರಲ್ಲಿ ತಗೊಂಡು ನನಗೆ ಕೊಡು" ಎಂದು ಯಾರಾದರೂ ಕೇಳಿದರೆ ದಯವಿಟ್ಟು ಒಪ್ಪಬೇಡಿ. ಅಂಗಡಿಯಲ್ಲಿ ತುಂಬುವ 4473 ಫಾರಂನಲ್ಲಿ ನಿಜವಾಗಿ ಕೊಳ್ಳುವವರು ನೀವೇನಾ ಎಂಬ ಪ್ರಶ್ನೆಯೇ ಇದೆ. 2022ರ ಕಾನೂನಿನ ಪ್ರಕಾರ, ಕಾನೂನು ಅವಕಾಶ ಕೊಡದವರಿಗಾಗಿ ಹೀಗೆ ಕೊಂಡುಕೊಟ್ಟರೆ 15 ವರ್ಷದವರೆಗೂ ಜೈಲಾಗಬಹುದು.

ಅಂಗಡಿಯ ವಿಷಯಕ್ಕೆ ಬರುತ್ತೇನೆ. ಕೌಂಟರಿನಲ್ಲಿದ್ದವನು ನನ್ನ ಕೈ ನೋಡಿದ, ಐದು ಗುಂಡು ಹಿಡಿಸುವ ಪುಟ್ಟ ರಿವಾಲ್ವರ್ ತೆಗೆದು ಮುಂದಿಟ್ಟ. ಜಾಮ್ ಆಗುವುದಿಲ್ಲ, ಪಿಸ್ತೂಲಿನಂತೆ ಮೇಲ್ಭಾಗದ ಸ್ಲೈಡನ್ನು ಹಿಂದಕ್ಕೆ ಎಳೆಯುವ ಕಷ್ಟವಿಲ್ಲ, ಹೆಂಗಸರೆಲ್ಲ ಇದನ್ನೇ ಒಯ್ಯುತ್ತಾರೆ ಎಂದ. ಶೋಕೇಸಿನಲ್ಲಿದ್ದ 9 ಎಂಎಂ ಪಿಸ್ತೂಲು ತೋರಿಸಿ ಅಂದರೆ "ಅದು ನಿಮಗೆ ಭಾರ" ಎಂದ. ಪಕ್ಕದಲ್ಲೇ ಅವರದೇ ರೇಂಜ್ ಇತ್ತು. ಕೊಳ್ಳುವ ಮುಂಚೆ ಒಮ್ಮೆ ಹಾರಿಸಿ ನೋಡಬಹುದಾ ಎಂದು ಕೇಳಿದೆ, ಅಗತ್ಯವಿಲ್ಲ ಅಂದುಬಿಟ್ಟ. ಸಾಲದ್ದಕ್ಕೆ ಮಾಮೂಲಿಗಿಂತ ಜೋರಾಗಿ ಸಿಡಿಯುವ ಪ್ಲಸ್-ಪಿ ಗುಂಡುಗಳ ಡಬ್ಬಿಗಳನ್ನೂ ಜೊತೆಗೆ ಮಾರಿದ.

ಬೇರೆ ರೇಂಜಿಗೆ ಒಯ್ದು ಹಾರಿಸಿದಾಗ ಅಂಗೈಗೆ ಸುತ್ತಿಗೆಯಲ್ಲಿ ಹೊಡೆದಂತಾಯಿತು. ಹೆಬ್ಬೆರಳ ಬುಡದ ಚರ್ಮ ಕಿತ್ತುಬಂತು. ಬರೀ 7 ಗಜ ದೂರದ ಕಾಗದದಲ್ಲಿ ಗುಂಡುಗಳೆಲ್ಲ ಕೆಳಗೆ, ಎಡಕ್ಕೆ. ಮುಂದಿನ ವಾರಗಳಲ್ಲಿ ಅದು ಇನ್ನೂ ಹದಗೆಟ್ಟಿತು. ಟ್ರಿಗರ್ ಮೇಲೆ ಬೆರಳಿಡುವ ಮುಂಚೆಯೇ ಕಣ್ಣು ಮುಚ್ಚಿಹೋಗುತ್ತಿತ್ತು.

ಅಲ್ಲಿನ ತರಬೇತಿಯ ಹೆಂಗಸು ಇದನ್ನು ನೋಡಿ ಹತ್ತಿರ ಬಂದರು. ರಿವಾಲ್ವರ್ ತೆಗೆದುಕೊಂಡು, ನನಗೆ ಕಾಣದ ಹಾಗೆ ಹೊಸ ಗುಂಡುಗಳ ನಡುವೆ ಹಾರಿಸಿ ಮುಗಿದ ಖಾಲಿ ತೋಟಾಗಳನ್ನೂ ತುಂಬಿಕೊಟ್ಟರು. ಖಾಲಿಯ ಸರದಿ ಬಂದಾಗ ಸದ್ದೂ ಇಲ್ಲ, ಒದೆತವೂ ಇಲ್ಲ, ಆದರೂ ನಳಿಗೆ ಕೆಳಗೆ ಕುಸಿಯಿತು. ಒದೆತಕ್ಕೆ ಹೆದರಿ ನನ್ನ ಕೈಯೇ ಮುಂಚಿತವಾಗಿ ತಗ್ಗುತ್ತಿತ್ತು.

ಆಮೇಲೆ ಅವರು ಬಿಡಿಸಿ ಹೇಳಿದರು. ಈ ಜಾತಿಯ ರಿವಾಲ್ವರ್ ತೂಕ ಅರ್ಧ ಕಿಲೋ ಕೂಡ ಇಲ್ಲ, ಅದರ ಟ್ರಿಗರ್ ಎಳೆಯಲು ಮಾತ್ರ ಐದು ಕಿಲೋಗೂ ಹೆಚ್ಚು ಬಲ ಬೇಕು. ಬೆರಳು ಎಳೆಯುವಾಗಲೇ ಬಂದೂಕು ಅಲುಗುತ್ತದೆ. ನಳಿಗೆ ಎರಡಿಂಚೂ ಇಲ್ಲದ್ದರಿಂದ ಗುರಿ ಹಿಡಿಯುವುದು ಇನ್ನೂ ಕಷ್ಟ. ಅದೇ ಗುಂಡನ್ನು ಭಾರದ ಬಂದೂಕಿನಲ್ಲಿ ಹಾರಿಸಿದರೆ ಒದೆತ ಕಡಿಮೆ, ಹಗುರವಾದಷ್ಟೂ ಜಾಸ್ತಿ. ಅಂಗಡಿಯವನು ಹೇಳಿದ್ದು ಇದರ ತದ್ವಿರುದ್ಧ! ಪುಟ್ಟ ರಿವಾಲ್ವರ್ ಕೈ ಪಳಗಿದವರ ಆಯುಧ, ಹೊಸಬರದಲ್ಲ.

ಅವರು ನನಗೆ ಮೊದಲು ಸಣ್ಣ ಗುಂಡಿನ ಪಾಯಿಂಟ್ 22 ಪಿಸ್ತೂಲು ಕೊಟ್ಟು ಹೆದರಿಕೆ ಬಿಡಿಸಿದರು. ಅದರ ಗುಂಡು ಅಗ್ಗ, ಒದೆತ ಇಲ್ಲವೆನ್ನುವಷ್ಟು ಕಡಿಮೆ. ನಂತರ ಬಾಡಿಗೆಯ ಗ್ಲಾಕ್ 19, ಅದೂ 9 ಎಂಎಂ ಪಿಸ್ತೂಲೇ. ಗುಂಡು ತುಂಬುವ ಮ್ಯಾಗಜೀನ್ ಖಾಲಿಯಿದ್ದಾಗ ಅದೂ ಸೇರಿ ಸುಮಾರು 670 ಗ್ರಾಂ ತೂಕ, ನಾಲ್ಕಿಂಚಿನ ನಳಿಗೆ, 15 ಗುಂಡು. ನನ್ನದೇ ಕೈ, ಅದೇ 7 ಗಜ, ಗುಂಡುಗಳು ನಡುವೃತ್ತದೊಳಗೆ ಬಿದ್ದವು. ಬೆರಳಲ್ಲಿ ಶಕ್ತಿ ಕಡಿಮೆ ಇರುವವರಿಗೆ ಸ್ಮಿತ್ ಅಂಡ್ ವೆಸನ್ ಕಂಪನಿ 2018ರಲ್ಲಿ ತಂದ ಪಾಯಿಂಟ್ 380 ಶೀಲ್ಡ್ ಈಜಿ ಪಿಸ್ತೂಲಿದೆ, ಸ್ಲೈಡ್ ಸಲೀಸಾಗಿ ಎಳೆಯಬಹುದು. ಖರ್ಚನ್ನೂ ಲೆಕ್ಕ ಹಾಕಿ. ಪುಟ್ಟ ರಿವಾಲ್ವರಿನ ಪಾಯಿಂಟ್ 38, ಶೀಲ್ಡ್ ಈಜಿಯ ಪಾಯಿಂಟ್ 380 ಗುಂಡುಗಳು 9 ಎಂಎಂಗಿಂತ ದುಬಾರಿ, ಗುಂಡು ದುಬಾರಿಯಾದರೆ ಅಭ್ಯಾಸ ತಾನಾಗಿ ಕಡಿಮೆಯಾಗುತ್ತದೆ.

ಬಂದೂಕಿನ ಜೊತೆಯಲ್ಲೇ ಬೀಗದ ಪೆಟ್ಟಿಗೆಯನ್ನೂ ಕೊಳ್ಳಿ. ಗುಂಡು ತುಂಬಿದ ಬಂದೂಕು 17 ವರ್ಷದೊಳಗಿನ ಮಕ್ಕಳ ಕೈಗೆ ಎಟುಕುವಂತೆ ಬಿಡುವುದು ಟೆಕ್ಸಸ್‌ನಲ್ಲಿ ಅಪರಾಧ.

ರಿವಾಲ್ವರನ್ನು ಹಿಂದಿರುಗಿಸಲು ಹೋದರೆ, ಮಾರಿದ ಬಂದೂಕು ವಾಪಸ್ ತಗೊಳ್ಳುವುದಿಲ್ಲ ಎಂದರು. ಬಳಸಿದ ಮಾಲೆಂದು ಕೊಟ್ಟ ಬೆಲೆಯ ಅರ್ಧವನ್ನೂ ಹೇಳಲಿಲ್ಲ. ಬಾಡಿಗೆ ರೇಂಜಿನಲ್ಲಿ ಮೂರು ನಾಲ್ಕು ಬಗೆ ಹಾರಿಸಿ ನೋಡಲು ಆಗುವ ಖರ್ಚು ಆ ನಷ್ಟದ ಮುಂದೆ ಏನೇನೂ ಅಲ್ಲ. ಹಾರಿಸಿ ನೋಡಲು ಬಿಡದ ಅಂಗಡಿಯಲ್ಲಿ ಕಾರ್ಡ್ ಹೊರತೆಗೆಯದೆ ಎದ್ದು ಬನ್ನಿ.