ಕ್ಲಿಕ್ ಅಂದಿತು, ಅಷ್ಟಕ್ಕೇ ದುಡ್ಡು ಕೊಟ್ಟೆ

ಹಳೆ ರೀಲು ಕ್ಯಾಮೆರಾ ಕೊಳ್ಳುವ ಆಸೆ ಇರುವವರು ಮೊದಲು ಇದನ್ನು ಓದಿ, ಆಮೇಲೆ ದುಡ್ಡು ಎಣಿಸಿ. ನಾನು ಮೊದಲು ಎಣಿಸಿದೆ.

ನಮ್ಮ ಚಿಕ್ಕಪ್ಪನ ಹತ್ತಿರ ಯಾಶಿಕಾ ಎಲೆಕ್ಟ್ರೋ 35 ಇತ್ತು. ಮನೆಯ ನಾಮಕರಣ, ಮದುವೆ ಎಲ್ಲ ಅದರಲ್ಲೇ. ಹಾಗಾಗಿ ಮೈಸೂರಿನಲ್ಲೇ ಒಬ್ಬರು ಅದೇ ಕ್ಯಾಮೆರಾ ಮಾರುತ್ತಿದ್ದಾರೆ ಅಂತ ಗೊತ್ತಾದಾಗ ತಡೆಯಲಾಗಲಿಲ್ಲ. 1973ರಲ್ಲಿ ಬಂದ ಜಿಎಸ್‌ಎನ್ ಮಾಡೆಲ್. ಬಲ್ಲಾಳ್ ಸರ್ಕಲ್ ಹತ್ತಿರ ಟೀ ಅಂಗಡಿಯಲ್ಲಿ ಭೇಟಿ. "ಸರ್ವಿಸ್ ಆಗಿದೆ ಸಾರ್, ಶಟರ್ ನೋಡಿ" ಅಂತ ಗುಂಡಿ ಒತ್ತಿ ತೋರಿಸಿದರು. ಕ್ಲಿಕ್! ಎಂಥಾ ಚಂದದ ಸದ್ದು ಅಂತೀರಿ. 4500 ಕೊಟ್ಟು ಬಂದೆ.

ಒಳಗೆ ಬ್ಯಾಟರಿಯೇ ಇರಲಿಲ್ಲ. ಈ ಕ್ಯಾಮೆರಾಕ್ಕೆ ಬ್ಯಾಟರಿ ಇಲ್ಲದಿದ್ದರೆ ಬೆಳಕಿಗೆ ದಾರಿ ಬಿಡುವ ರೆಪ್ಪೆ, ಅಂದರೆ ಶಟರ್, ಯಾವಾಗಲೂ ಸೆಕೆಂಡಿನ 500ನೇ ಒಂದು ಭಾಗಕ್ಕೇ ಹೊಡೆಯುತ್ತದೆ. ಬೆಳಕು ಅಳೆದು ಸ್ಪೀಡ್ ಕೂರಿಸುವ ಎಲೆಕ್ಟ್ರಾನಿಕ್ಸ್ ಪೂರ್ತಿ ಸತ್ತಿದ್ದರೂ ಕ್ಲಿಕ್ ಅನ್ನುತ್ತದೆ. ಅಂದರೆ ನಾನು ಪರೀಕ್ಷೆ ಮಾಡಿದ್ದು ಒಂದು ಸ್ಪ್ರಿಂಗನ್ನು.

ಮೂಲ ಬ್ಯಾಟರಿ 5.6 ವೋಲ್ಟಿನ ಪಾದರಸದ್ದು, ಈಗ ತಯಾರಾಗುವುದಿಲ್ಲ. 6 ವೋಲ್ಟಿನದನ್ನು ಅಡಾಪ್ಟರ್ ಇಟ್ಟು ಹಾಕಬೇಕು. ಎರಡೂ ಸೇರಿ 600. ಮನೆಗೆ ಬಂದು ಹಿಂಬದಿ ಬಾಗಿಲು ತೆಗೆದರೆ ಬೆಳಕು ತಡೆಯುವ ಫೋಮ್ ಡಾಂಬರಿನ ಹಾಗೆ ಕರಗಿ ಹೆಬ್ಬೆರಳಿಗೆ ಅಂಟಿತು. ಮೊಬೈಲ್ ಟಾರ್ಚನ್ನು ಲೆನ್ಸಿನ ಹಿಂದಿನಿಂದ ಹಿಡಿದರೆ ಒಳಗೆ ಜೇಡರ ಬಲೆಯಂಥ ಎಳೆಗಳು, ಫಂಗಸ್. ಟೀ ಅಂಗಡಿಯ ಬಿಸಿಲಲ್ಲಿ ಮುಂದಿನಿಂದ ನೋಡಿದಾಗ ಫಳಫಳ ಅಂದಿತ್ತಲ್ಲ! ಜೊತೆಗೆ ಕೊಟ್ಟ ಚರ್ಮದ ಕೇಸು ಹಳೇ ಟ್ರಂಕಿನ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಅಲ್ಲೇ ಅನುಮಾನ ಬರಬೇಕಿತ್ತು. ನಾನು ಅದನ್ನೇ 'ವಿಂಟೇಜ್' ಅಂತ ಖುಷಿಪಟ್ಟೆ.

ಇಲ್ಲಿಗೆ ನಿಲ್ಲಿಸಿದ್ದರೆ ನಷ್ಟ ಐದು ಸಾವಿರದಲ್ಲಿ ಮುಗಿಯುತ್ತಿತ್ತು. ರಿಪೇರಿಗೆ ಕೊಟ್ಟೆ. "ಫುಲ್ ಓವರ್‌ಹಾಲ್, 3200, ಎರಡು ವಾರ" ಅಂದರು. ಎರಡು ತಿಂಗಳಾಯಿತು. ವಾಪಸ್ ಬಂದಾಗ ಸ್ಕ್ರೂ ತಲೆಗಳೆಲ್ಲ ಕಿತ್ತುಹೋಗಿದ್ದವು. ಹೊಸ ಫೋಮ್ ಎಷ್ಟು ದಪ್ಪ ಅಂಟಿಸಿದ್ದರೆಂದರೆ ಬಾಗಿಲನ್ನು ಅದುಮಿ ಹಿಡಿದೇ ಮುಚ್ಚಬೇಕು. ಫಂಗಸ್ ಹೋಗಿತ್ತು, ಅದು ತಿಂದಿದ್ದ ಜಾಗದಲ್ಲಿ ಲೆನ್ಸಿನ ಮೇಲಿನ ತೆಳು ಲೇಪ, ಕೋಟಿಂಗೂ ಹೋಗಿತ್ತು. ಅದು ಯಾರು ಒರೆಸಿದರೂ ವಾಪಸ್ ಬರುವುದಲ್ಲ, ಈ ಒಂದಕ್ಕೆ ಅವರನ್ನು ದೂರಲಾರೆ.

ಆಮೇಲಿನ ತಪ್ಪು ಪೂರ್ತಿ ನನ್ನದು. ಒಂದು ರೀಲು ಸುಮ್ನೆ ಕೆರೆ ದಂಡೆ, ಬೀದಿ ನಾಯಿ ಅಂತ ತೆಗೆದು ನೋಡಬೇಕಿತ್ತು. ನಾನು ನೇರವಾಗಿ ದಸರೆಗೆ ಹೋದೆ. ಹೆಸರಾಂತ ಫೋಟೊಗ್ರಾಫರ್ ಟಿ. ಎಸ್. ಸತ್ಯನ್ ಹುಟ್ಟಿದ ಊರು ನೋಡಿ, ಜಂಬೂ ಸವಾರಿ ಅಂದರೆ ಇಲ್ಲಿ ಎಲ್ಲರಿಗೂ ಕೈ ಕಡಿಯುತ್ತದೆ. ಸಯ್ಯಾಜಿ ರಾವ್ ರಸ್ತೆಯಲ್ಲಿ ನಾಲ್ಕು ಗಂಟೆ ನಿಂತು ಎರಡು ರೀಲು, 72 ಫೋಟೊ. ಎರಡೂ ರೀಲಿಗೆ ಸೇರಿ 1800, ಬೆಂಗಳೂರಿಗೆ ಕಳಿಸಿ ತೊಳೆಸಿ ಸ್ಕ್ಯಾನ್ ಮಾಡಿಸಲು 1200.

750 ಕೆಜಿಯ ಅಂಬಾರಿ ಒಂದು ಬಿಳಿ ಮಚ್ಚೆಯಾಗಿ ಬಂದಿತ್ತು. ಉಳಿದವೂ ಸುಣ್ಣ ಬಳಿದ ಹಾಗೆ, ಅಂಚಿನುದ್ದಕ್ಕೂ ಬೆಳಕು ಸೋರಿದ ಕಿತ್ತಳೆ ಪಟ್ಟೆ.

ಲ್ಯಾಬಿನವರು ಪಾಪ, ಫೋನ್ ಮಾಡಿ ಕೇಳಿದರು. "ಸಾರ್, ರೀಲು ಸುತ್ತುವಾಗ ಒಳಗೆ ಕಟಕ್ ಅನ್ನುತ್ತಾ?" ಫೋನನ್ನು ಕ್ಯಾಮೆರಾ ಪಕ್ಕ ಇಟ್ಟು ಲಿವರ್ ಎಳೆದೆ. ಹಲ್ಲಿನ ಚಕ್ರದ ಸರ್ರ್ ಬಿಟ್ಟರೆ ಬೇರೇನೂ ಇಲ್ಲ. "ಪ್ಯಾಡ್ ಹೋಗಿದೆ ಸಾರ್" ಅಂದರು. ಒಳಗಿರುವ ಪುಟ್ಟ ರಬ್ಬರ್ ತುಂಡು ಅದು. ವಯಸ್ಸಾದಂತೆ ಪುಡಿಯಾಗುತ್ತದೆ, ಆಗ ರೀಲಿಗೆ ಎಷ್ಟು ಬೆಳಕು ಬೀಳಬೇಕು ಅನ್ನುವ ಎಕ್ಸ್‌ಪೋಜರ್ ಲೆಕ್ಕವೇ ತಪ್ಪುತ್ತದೆ. ಎಲೆಕ್ಟ್ರೋಗಳಲ್ಲಿ ತೀರಾ ಮಾಮೂಲಿ ಕಾಯಿಲೆಯಂತೆ. ಓವರ್‌ಹಾಲ್ ಮಾಡಿದವರು ಅದನ್ನು ಮುಟ್ಟಿಯೇ ಇರಲಿಲ್ಲ. ಏನೇನು ಮಾಡುತ್ತೀರಿ ಅಂತ ಬರೆಸಿಕೊಳ್ಳದೆ 3200 ಕೊಟ್ಟವನು ನಾನು. ಒಟ್ಟು ಲೆಕ್ಕ ಹಾಕಿದರೆ 11300. ಮನೆಯಲ್ಲಿ ಈ ಅಂಕಿ ಇನ್ನೂ ಗೊತ್ತಿಲ್ಲ.

ಕೊಳ್ಳಲೇಬೇಕು ಅಂದರೆ ಬ್ಯಾಟರಿ, ಅಡಾಪ್ಟರ್ ನೀವೇ ಜೇಬಲ್ಲಿ ಇಟ್ಟುಕೊಂಡು ಹೋಗಿ. ಮೇಲ್ಭಾಗದ ಮುಂದಿರುವ ಮೀಟರ್ ಕಿಟಕಿಗೆ ಬೆರಳು ಅಡ್ಡ ಹಿಡಿದು ಗುಂಡಿ ಅರ್ಧ ಒತ್ತಿದರೆ ಹಳದಿ ದೀಪ ಬರಬೇಕು, ಪೂರ್ತಿ ಒತ್ತಿದರೆ ಶಟರ್ ತುಂಬಾ ಹೊತ್ತು ತೆರೆದೇ ಇರಬೇಕು. ಲಿವರ್ ಎಳೆದಾಗ ಕಟಕ್ ಕೇಳದಿದ್ದರೆ, ಲೆನ್ಸಲ್ಲಿ ಎಳೆ ಕಂಡರೆ ಟೀ ಕುಡಿದು ಎದ್ದು ಬನ್ನಿ. ಬರೀ ಫೋಮ್ ಹೋಗಿದ್ದರೆ ಚೌಕಾಸಿ ಮಾಡಿ ತಗೊಳ್ಳಿ, ಅದು ಮನೆಯಲ್ಲೇ ಆಗುವ ಕೆಲಸ. ಇಷ್ಟೆಲ್ಲ ತಲೆನೋವು ಬೇಡ ಅಂದರೆ ಪೆಂಟಾಕ್ಸ್ ಕೆ1000 ಥರದ್ದು ಹುಡುಕಿ. ಅದರಲ್ಲಿ ಬ್ಯಾಟರಿ ಮೀಟರಿಗೆ ಮಾತ್ರ ಬೇಕು, ಶಟರ್ ತನ್ನಷ್ಟಕ್ಕೆ ಓಡುತ್ತದೆ.

ನನ್ನದನ್ನು ಹೋದ ವಾರ ಮಾರಾಟಕ್ಕೆ ಹಾಕಿದೆ. ಪ್ಯಾಡ್ ಹೋಗಿದೆ, ಕೋಟಿಂಗ್ ಹೋಗಿದೆ, ಬೆಳಕು ಸೋರುತ್ತದೆ ಅಂತ ಇದ್ದದ್ದು ಇದ್ದ ಹಾಗೆ ಬರೆದೆ. ಇಲ್ಲಿಯವರೆಗೆ ಒಬ್ಬರೇ ಫೋನ್ ಮಾಡಿದ್ದು. "ಶಟರ್ ಹೊಡೆಯುತ್ತಾ ಸಾರ್?" ಅಂತ ಕೇಳಿದರು.