ಎಮರ್ಜೆನ್ಸಿ ಮೆಡಿಸಿನ್ ಸೀಟು ಇದೆ ಅಂತ ಫೋನ್ ಬಂದರೆ, ಹಣ ಕಟ್ಟುವ ಮೊದಲು ಇದನ್ನು ಓದಿ

ನೀಟ್ ಪಿಜಿ, ಅಂದರೆ ಸ್ನಾತಕೋತ್ತರ ವೈದ್ಯಕೀಯ ಪ್ರವೇಶ ಪರೀಕ್ಷೆಯ ಕೌನ್ಸೆಲಿಂಗ್ (ಸೀಟು ಹಂಚಿಕೆ) ಮುಗಿಯುತ್ತಾ ಬಂದಂತೆ ಎಂಬಿಬಿಎಸ್ ಆದವರಿಗೆ ಫೋನ್‌ಗಳು ಶುರುವಾಗುತ್ತವೆ. “ಡಾಕ್ಟ್ರೇ, ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಮೂರು ವರ್ಷದ ರೆಸಿಡೆನ್ಸಿ ಇದೆ. ಎಂಡಿಗೆ ಸಮ. ರ‍್ಯಾಂಕ್ ಬೇಕಾಗಿಲ್ಲ.” ರೆಸಿಡೆನ್ಸಿ ಅಂದರೆ ಆಸ್ಪತ್ರೆಯಲ್ಲಿ ದುಡಿಯುತ್ತಲೇ ಪಡೆಯುವ ತಜ್ಞ ತರಬೇತಿ. ನನಗೂ ಹೀಗೇ ಫೋನ್ ಬಂತು. ಆಸ್ಪತ್ರೆಯ ಹೆಸರು ಬೇಡ. ಇಂಥ ಕೋರ್ಸು ನಡೆಸುವವರು ಬೇರೆ ಊರುಗಳಲ್ಲೂ ಇದ್ದಾರೆ.

ಇಂಟರ್‌ವ್ಯೂನಲ್ಲಿ ನೇರವಾಗಿಯೇ ಕೇಳಿದೆ, “ಇದಕ್ಕೆ ಮಾನ್ಯತೆ ಇದೆಯಾ ಸರ್?” “ನಮ್ಮ ವಿಭಾಗಕ್ಕೆ ಡಿಎನ್‌ಬಿ ಮಾನ್ಯತೆ ಇದೆಯಲ್ಲಮ್ಮಾ” ಅಂದರು. ಆ ಮಾತು ನಿಜವೇ. ಮೋಸ ಇರುವುದೂ ಅಲ್ಲೇ. ಡಿಎನ್‌ಬಿ ಎಂಡಿಯಂತೆಯೇ ಮಾನ್ಯತೆ ಇರುವ ಸ್ನಾತಕೋತ್ತರ ಪದವಿ, ಆದರೆ ಅದರ ಸೀಟು ಕೌನ್ಸೆಲಿಂಗ್ ಮೂಲಕ ಬಂದವರಿಗೆ. ನನಗೆ ಕೊಟ್ಟಿದ್ದು ಹೊರದೇಶದ ಸಂಸ್ಥೆಯೊಂದರ ಹೆಸರಿನಲ್ಲಿ ನಡೆಯುವ ಮಾಸ್ಟರ್ಸ್ ಕೋರ್ಸು. ಒಂದೇ ಕ್ಲಾಸು, ಒಂದೇ ರೌಂಡ್ಸು, ಒಂದೇ ನೈಟ್ ಡ್ಯೂಟಿ. ಅವರಿಗೆ ಸ್ಟೈಪೆಂಡ್ ಬರುತ್ತಿತ್ತು. ನನ್ನ ಸಂಬಳದ ಚೀಟಿಯಲ್ಲಿ ‘ಡ್ಯೂಟಿ ಡಾಕ್ಟರ್’ ಅಂತ ಇತ್ತು, ಅದರ ಕೆಳಗೆ ಕೋರ್ಸ್ ಫೀಸಿನ ಕಡಿತ. ಬಿಟ್ಟು ಹೋಗೋಣ ಅಂದರೆ ಒರಿಜಿನಲ್ ಸರ್ಟಿಫಿಕೇಟುಗಳೆಲ್ಲ ಎಚ್‌ಆರ್ ಕಪಾಟಿನಲ್ಲಿ.

ಮುಗಿಸಿದ ಮೇಲೆ ವೈದ್ಯರ ನೋಂದಣಿ ಮಾಡುವ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಚ್ಚುವರಿ ವಿದ್ಯಾರ್ಹತೆ ಸೇರಿಸಲು ಹೋದೆ. ಆಗುವುದಿಲ್ಲ ಅಂದರು. ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಮಾನ್ಯತೆ ಕೊಟ್ಟ ಪದವಿಗಳಲ್ಲಿ ಇದು ಇಲ್ಲ. ನನ್ನ ನೋಂದಣಿಯಲ್ಲಿ ಇವತ್ತಿಗೂ ಎಂಬಿಬಿಎಸ್ ಮಾತ್ರ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಬೇಕೆಂಬ ಆಸೆ ಇತ್ತು. ಅದಕ್ಕೆ ಎಂಡಿ ಅಥವಾ ಡಿಎನ್‌ಬಿ ಬೇಕು.

ಕಲಿತಿದ್ದು ಸುಳ್ಳಲ್ಲ. ತೀರಾ ಗಂಭೀರ ರೋಗಿಗಳನ್ನು ಇಡುವ ರೆಡ್ ಝೋನ್‌ನಲ್ಲಿ ಉಸಿರು ನಿಲ್ಲುತ್ತಿದ್ದ ಪೇಶೆಂಟಿಗೆ ಟ್ಯೂಬ್ ಹಾಕಿದ್ದು ನನ್ನ ಈ ಕೈಗಳೇ. ಅದಕ್ಕೇ ಹೊಟ್ಟೆ ಉರಿಯುವುದು. ದುಡಿಸಿಕೊಳ್ಳುವಾಗ ನಾವು ರೆಸಿಡೆಂಟುಗಳು, ಕಾಗದದಲ್ಲಿ ಏನೂ ಅಲ್ಲ.

ಎಮರ್ಜೆನ್ಸಿ ಮೆಡಿಸಿನ್ ಪ್ರತ್ಯೇಕ ವಿಷಯ ಅಂತ ಎನ್‌ಎಂಸಿಗೆ ಮೊದಲಿದ್ದ ಮೆಡಿಕಲ್ ಕೌನ್ಸಿಲ್ ಆಫ್ ಇಂಡಿಯಾ ಒಪ್ಪಿಕೊಂಡಿದ್ದೇ 2009ರಲ್ಲಿ. ಅದಕ್ಕೂ ಮುಂಚೆ ಈ ಕೆಲಸ ಕಲಿಯಲು ಖಾಸಗಿ ಕೋರ್ಸುಗಳಿಗೆ ಹೋಗಿದ್ದರೆ ಅರ್ಥವಿತ್ತು. ಈಗ ಎಂಡಿ, ಡಿಎನ್‌ಬಿ ಎರಡೂ ಇವೆ. ಏಮ್ಸ್‌ನಂಥ ಕೇಂದ್ರ ಸಂಸ್ಥೆಗಳ ಎಂಡಿಗೆ ಐಎನ್‌ಐ-ಸಿಇಟಿ ಅಂತ ಬೇರೆ ಪ್ರವೇಶ ಪರೀಕ್ಷೆ ಇದೆ. ಉಳಿದಂತೆ ಎರಡಕ್ಕೂ ನೀಟ್ ಪಿಜಿ ಬರೆದು ಎಂಸಿಸಿ (ಕೇಂದ್ರದ ಕೌನ್ಸೆಲಿಂಗ್ ಸಮಿತಿ) ಅಥವಾ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಥರದ ಸರ್ಕಾರಿ ಕೌನ್ಸೆಲಿಂಗ್ ಮೂಲಕವೇ ಬರಬೇಕು. ಯಾರಾದರೂ ಈ ಪರೀಕ್ಷೆಗಳ ಅಂಕವನ್ನೇ ಕೇಳದೆ ಸೀಟು ಕೊಡುತ್ತಿದ್ದರೆ ಅದು ಈ ಎರಡೂ ಅಲ್ಲ.

ಬ್ರಿಟನ್‌ಗೆ ಹೋಗುವ ಯೋಚನೆ ಇದ್ದು ಅಲ್ಲಿನ ಎಮರ್ಜೆನ್ಸಿ ಮೆಡಿಸಿನ್ ಪರೀಕ್ಷೆಯಾದ ಎಂಆರ್‌ಸಿಇಎಂ ಬರೆಯುವವರ ಲೆಕ್ಕ ಬೇರೆ. ಆ ಪರೀಕ್ಷೆಗೆ ಅಲ್ಲಿ ಬೆಲೆ ಇದೆ. ಆದರೆ ಅದನ್ನೂ ‘ಇಲ್ಲಿ ಎಂಡಿಗೆ ಸಮ’ ಅಂತ ಮಾರುತ್ತಾರೆ, ನಂಬಬೇಡಿ.

ವಿಭಾಗಕ್ಕೆ ಮಾನ್ಯತೆ ಇದೆಯಾ ಅಂತ ಕೇಳಬೇಡಿ. “ನನ್ನ ಸೀಟಿಗೆ ಸಿಗುವ ಪದವಿಯ ಹೆಸರೇನು, ಅದನ್ನು ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಬಹುದಾ?” ಅಂತ ಕೇಳಿ, ಉತ್ತರವನ್ನು ಇಮೇಲ್‌ನಲ್ಲೇ ತೆಗೆದುಕೊಳ್ಳಿ. ಅದೇ ಪ್ರಶ್ನೆಯನ್ನು ಪರಿಷತ್ತಿಗೂ ಬರೆದು ಕೇಳಿ. ಅಲ್ಲಿಂದ ಉತ್ತರ ಬರುವ ತನಕ ಫೀಸು ಕಟ್ಟಬೇಡಿ, ಒರಿಜಿನಲ್‌ಗಳನ್ನು ಯಾರ ಕೈಗೂ ಕೊಡಬೇಡಿ.