ಹ್ಯಾಂಡಲ್ ಹತ್ತಿರ ಕಿರ್ ಅನ್ನುವ ಸೈಕಲ್‌ನ ಬೋಲ್ಟ್ ಬಿಗಿ ಮಾಡಿಸಿ ಸುಮ್ಮನಾಗಬೇಡಿ

ರೋಡ್ ಬೈಕ್ ಓಡಿಸುವವರು ದಯವಿಟ್ಟು ಇದನ್ನು ಓದಿ. ಮುಂದುಗಡೆ ಸದ್ದು ಬರುತ್ತಿದೆ ಎಂದು ಅಂಗಡಿಗೆ ಹೋಗುತ್ತೀರಿ. ಮೆಕ್ಯಾನಿಕ್ ಅಲೆನ್ ಕೀ ತೆಗೆದು ಬೋಲ್ಟ್‌ಗಳನ್ನೆಲ್ಲ ಒಂದೊಂದು ಸುತ್ತು ಬಿಗಿ ಮಾಡಿ "ಆಯ್ತು ಮೇಡಂ, ಈಗ ನೋಡಿ" ಅನ್ನುತ್ತಾನೆ. ಸದ್ದು ನಿಂತಿರುತ್ತದೆ. ಆದರೂ ಸೈಕಲ್ ತಗೊಂಡು ಹೊರಡಬೇಡಿ. ಸದ್ದು ಎಲ್ಲಿಂದ ಬರುತ್ತಿತ್ತು ಎಂದು ಕೇಳಿ. ಅದಕ್ಕೆ ಸರಿಯಾದ ಉತ್ತರ ಸಿಗದಿದ್ದರೆ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿದಿರುವ ಕವಲು, ಹೊರಗೆ ತೆಗೆಸಿ ನೋಡಿ. ನನ್ನ ಸೈಕಲ್‌ನಲ್ಲಿ ಆ ಸದ್ದಿನ ಹಿಂದೆ ಇದ್ದದ್ದು ಬಿರುಕು ಬಿಟ್ಟ ಸ್ಟೀರರ್ ಟ್ಯೂಬ್. ಆ ಬಿರುಕನ್ನು ಇಟ್ಟುಕೊಂಡೇ ನಾನು ನಂದಿ ಬೆಟ್ಟ ಇಳಿದಿದ್ದೇನೆ.

ಸ್ಟೀರರ್ ಟ್ಯೂಬ್ ಅಂದರೆ ಫೋರ್ಕ್‌ನ ಮೇಲ್ಭಾಗದ ಕೊಳವೆ. ಫ್ರೇಮ್‌ನ ಮುಂತುದಿಯ ಕೊಳವೆಯಾದ ಹೆಡ್ ಟ್ಯೂಬ್ ಒಳಗಿಂದ ತೂರಿ ಮೇಲೆ ಬರುತ್ತದೆ. ಅದನ್ನೇ ಸ್ಟೆಮ್, ಅಂದರೆ ಹ್ಯಾಂಡಲ್ ಬಾರನ್ನು ಫೋರ್ಕ್‌ಗೆ ಜೋಡಿಸುವ ತುಂಡು, ಕಚ್ಚಿ ಹಿಡಿದಿರುತ್ತದೆ. ಹೊರಗಿನಿಂದ ಒಂದಿಷ್ಟೂ ಕಾಣುವುದಿಲ್ಲ. ಹ್ಯಾಂಡಲ್‌ಗೂ ಮುಂದಿನ ಚಕ್ರಕ್ಕೂ ಇರುವ ನಂಟು ಅದೊಂದೇ. ಅದು ಮುರಿದರೆ ಹ್ಯಾಂಡಲ್ ಕೈಯಲ್ಲಿ ಉಳಿಯುತ್ತದೆ, ಚಕ್ರ ತನ್ನ ಪಾಡಿಗೆ ಹೋಗುತ್ತದೆ. 2006ರ ಪ್ಯಾರಿಸ್-ರೂಬೇ ರೇಸ್‌ನಲ್ಲಿ ಅಮೆರಿಕದ ಜಾರ್ಜ್ ಹಿಂಕಾಪಿಗೆ ಆದದ್ದು ಇದೇ. ಕಲ್ಲುಹಾಸಿನ ದಾರಿಯಲ್ಲಿ ಮುಂಚೂಣಿಯಲ್ಲಿ ಹೋಗುತ್ತಿದ್ದಾಗ ಸ್ಟೀರರ್ ಮುರಿಯಿತು. ಬಿದ್ದು ಭುಜಕ್ಕೆ ಪೆಟ್ಟಾಗಿ ರೇಸ್ ಬಿಡಬೇಕಾಯಿತು. ಅವರದು ಅಲ್ಯೂಮಿನಿಯಂ ಸ್ಟೀರರ್. ಹಾಗಾಗಿ ಕಾರ್ಬನ್ ಫೈಬರ್ ಫೋರ್ಕ್ ಇದ್ದವರಿಗೆ ಮಾತ್ರ ಈ ಭಯ ಎಂದುಕೊಳ್ಳಬೇಡಿ.

ನನ್ನದು ಅಲ್ಯೂಮಿನಿಯಂ ಫ್ರೇಮ್, ಫೋರ್ಕ್ ಮತ್ತು ಸ್ಟೀರರ್ ಎರಡೂ ಕಾರ್ಬನ್. ಕತ್ತು ನೋಯುತ್ತಿತ್ತು ಅಂತ ಉದ್ದದ ಸ್ಟೆಮ್ ತೆಗೆಸಿ ಗಿಡ್ಡದು ಹಾಕಿಸಿದೆ. ಬೆಂಗಳೂರಿನ ದಕ್ಷಿಣ ಭಾಗದ ಒಂದು ಅಂಗಡಿ, ಹೆಸರು ಬೇಡ. ಕೆಲವು ವಾರ ಎಲ್ಲ ಸರಿಯಿತ್ತು. ಆಮೇಲೆ ನಂದಿ ಏರುವಾಗ, ಸೀಟಿನಿಂದ ಎದ್ದು ಹ್ಯಾಂಡಲ್ ಎಳೆದು ತುಳಿದಾಗೆಲ್ಲ, ಕೈ ಕೆಳಗೇ ಕಿರ್ರ್ ಅನ್ನತೊಡಗಿತು. ಸೀಟಿನಲ್ಲಿ ಕೂತರೆ ಸದ್ದಿಲ್ಲ. ಇಳಿಯುವಾಗ ತಿರುವುಗಳಲ್ಲಿ ಮುಂದಿನ ಬ್ರೇಕ್ ಒತ್ತಿದರೆ ಇನ್ನೊಂದು ಸದ್ದು, ಸಣ್ಣಗೆ ಟಕ್ ಅನ್ನುವುದು.

ಅದೇ ಅಂಗಡಿಗೆ ಹೋದೆ. ಮೊದಲು ಬಾಟಮ್ ಬ್ರಾಕೆಟ್, ಅಂದರೆ ಪೆಡಲ್ ತಿರುಗುವ ಜಾಗದ ಬೇರಿಂಗ್, ಅಂದರು. ತುಳಿಯುವುದನ್ನು ನಿಲ್ಲಿಸಿ ಬರೀ ಹ್ಯಾಂಡಲ್ ಎಳೆದರೂ ಸದ್ದು ಬರುತ್ತದೆ ಎಂದು ಎದುರಿಗೇ ತೋರಿಸಿದೆ. ಆಗ ಹೆಡ್‌ಸೆಟ್, ಅಂದರೆ ಹ್ಯಾಂಡಲ್ ಜೊತೆ ಫೋರ್ಕ್ ತಿರುಗಲು ಇರುವ ಬೇರಿಂಗ್‌ಗಳು, ಹೋಗಿದೆ ಅಂದರು. ಹೊಸ ಹೆಡ್‌ಸೆಟ್ ಹಾಕಿದರು, ದುಡ್ಡು ತೆಗೆದುಕೊಂಡರು. ಸದ್ದು ಹೋಗಲಿಲ್ಲ. ಕೊನೆಗೆ ಸ್ಟೆಮ್ ಬೋಲ್ಟ್‌ಗಳನ್ನು ಉದ್ದ ಹಿಡಿಯ ಅಲೆನ್ ಕೀ ಹಾಕಿ, ಮೈ ಭಾರ ಬಿಟ್ಟು ಬಿಗಿ ಮಾಡಿದರು. "ಕಾರ್ಬನ್ ಅಂದ್ರೆ ಸ್ವಲ್ಪ ಸದ್ದು ಮಾಮೂಲು" ಎಂಬ ಮಾತೂ ಬಂತು. ಸದ್ದು ಪೂರ್ತಿ ನಿಂತಿತು. ಮತ್ತೆ ಬಂದಾಗ ಮೊದಲಿಗಿಂತ ಜೋರಾಗಿತ್ತು.

ಆಮೇಲೆ ಬೇರೆ ಕಡೆ ಒಬ್ಬ ಹಿರಿಯ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಬೋಲ್ಟ್ ಬಿಗಿ ಮಾಡಲಿಲ್ಲ. ಸ್ಟೆಮ್ ಮೇಲಿನ ಮುಚ್ಚಳ, ಅಂದರೆ ಟಾಪ್ ಕ್ಯಾಪ್, ಬಿಚ್ಚಿ ಟಾರ್ಚ್ ಹಾಕಿ ಒಳಗೆ ನೋಡಿದರು, ನನಗೂ ತೋರಿಸಿದರು. ಕಾರ್ಬನ್ ಕೊಳವೆಯೊಳಗೆ ಲೋಹದ ಎಸಳುಗಳಿರುವ ಸ್ಟಾರ್ ನಟ್ ಕೂತಿತ್ತು. ಫೋರ್ಕ್ ಎಳೆದು, ಸ್ಟೀರರ್ ಒರೆಸಿ, ಬೆಳಕಿಗೆ ಹಿಡಿದರು. ಸ್ಟೆಮ್‌ನ ಕೆಳ ಅಂಚು ಕೂರುವ ಜಾಗದಲ್ಲಿ ಸ್ಟೀರರ್ ಸುತ್ತ ಕೂದಲೆಳೆಯಷ್ಟು ಗೆರೆ. ಉಗುರು ಆಡಿಸಿದರೆ ತಗಲುತ್ತಿತ್ತು. "ಇದನ್ನು ಓಡಿಸಬೇಡಿ, ಮನೆಗೂ ತುಳಿದುಕೊಂಡು ಹೋಗಬೇಡಿ" ಅಂದರು. ಸೈಕಲ್ ಆಟೋದಲ್ಲಿ ಮನೆಗೆ ಬಂತು.

ಸ್ಟಾರ್ ನಟ್ ಯಾಕೆ ಅಷ್ಟು ದೊಡ್ಡ ತಪ್ಪು ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಗಡಿಯಲ್ಲಿ ನಿಂತಾಗ ನಿಮಗೆ ಇದು ಗೊತ್ತಿರಬೇಕು. ಈಗಿನ ಹೆಡ್‌ಸೆಟ್‌ನಲ್ಲಿ ಟಾಪ್ ಕ್ಯಾಪ್ ಬೋಲ್ಟ್ ಫೋರ್ಕನ್ನು ಮೇಲಕ್ಕೆ ಎಳೆದು ಬೇರಿಂಗ್‌ಗಳ ಸಡಿಲ ತೆಗೆಯುತ್ತದೆ, ಅಷ್ಟೇ ಅದರ ಕೆಲಸ. ಎಳೆಯಲು ಸ್ಟೀರರ್ ಒಳಗೆ ಏನಾದರೂ ಹಿಡಿತ ಬೇಕು. ಉಕ್ಕು ಅಥವಾ ಅಲ್ಯೂಮಿನಿಯಂ ಸ್ಟೀರರ್ ಆದರೆ ಸ್ಟಾರ್ ನಟ್ ಸಾಕು. ಅದರ ಲೋಹದ ಎಸಳುಗಳು ಗೋಡೆಗೆ ಕಚ್ಚಿಕೊಂಡು ನಿಲ್ಲುತ್ತವೆ. ಕಾರ್ಬನ್‌ನಲ್ಲಿ ಅದೇ ಎಸಳುಗಳು ಒಳಗೋಡೆಯ ನಾರುಗಳನ್ನು ಕೊಯ್ಯುತ್ತವೆ. ಅದಕ್ಕೇ ಕಾರ್ಬನ್‌ಗೆ ಎಕ್ಸ್‌ಪ್ಯಾಂಡರ್ ಪ್ಲಗ್ ಎಂಬ ಬೇರೆ ಭಾಗ ಇದೆ. ಅದು ಒಳಗೆ ಅಗಲವಾಗಿ ಹಿಗ್ಗಿ ಕೂರುತ್ತದೆ. ಸ್ಟೆಮ್ ಹೊರಗಿನಿಂದ ಹಿಂಡುವಾಗ ಕೊಳವೆ ನಲುಗದಂತೆ ಒಳಗಿನಿಂದ ಆಸರೆಯನ್ನೂ ಕೊಡುತ್ತದೆ. ನನ್ನ ಸೈಕಲ್‌ನಲ್ಲಿ ಕಂಪನಿಯಿಂದ ಬಂದ ಪ್ಲಗ್ ತೆಗೆದು ಆ ಜಾಗಕ್ಕೆ ಸ್ಟಾರ್ ನಟ್ ಹೊಡೆದಿದ್ದರು. ಆಸರೆ ಹೋಯಿತು. ಅದರ ಮೇಲೆ, ಬಿಗಿ ಎಷ್ಟಾಯಿತೆಂದು ತೋರಿಸುವ ಟಾರ್ಕ್ ವ್ರೆಂಚ್ ಇಲ್ಲದೆ ಬಿಗಿ ಮಾಡಿದರು. ಬಹಳಷ್ಟು ಸ್ಟೆಮ್‌ಗಳ ಮೇಲೆ 5 ನ್ಯೂಟನ್ ಮೀಟರ್ ಎಂದು ಬರೆದೇ ಇರುತ್ತದೆ. ಉದ್ದ ಹಿಡಿಯ ಅಲೆನ್ ಕೀಯಲ್ಲಿ ಅದರ ಎರಡರಷ್ಟು ದಾಟುವುದು ಏನೂ ಕಷ್ಟವಲ್ಲ.

ಬಿಗಿ ಮಾಡಿದಾಗ ಸದ್ದು ಯಾಕೆ ನಿಂತಿತು? ಎರಡು ಭಾಗಗಳು ಒಂದರ ಮೇಲೊಂದು ಚೂರೇ ಚೂರು ಉಜ್ಜಿಕೊಂಡಾಗ ಕಿರ್ ಅನ್ನುತ್ತದೆ. ಗಟ್ಟಿಯಾಗಿ ಹಿಂಡಿದರೆ ಉಜ್ಜುವುದು ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ಬಿರುಕು ಮಾತ್ರ ಬೆಳೆಯುತ್ತಲೇ ಇರುತ್ತದೆ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಹೋದ ದುಡ್ಡಿನ ಬಗ್ಗೆ ಅಷ್ಟಿಲ್ಲ. ಸೈಕಲ್ ಕೊಡುತ್ತಿದ್ದ ಒಂದೇ ಒಂದು ಎಚ್ಚರಿಕೆಯನ್ನು ಅವರು ಬಾಯಿ ಮುಚ್ಚಿಸಿ ನನ್ನನ್ನು ಮತ್ತೆ ಇಳಿಜಾರಿಗೆ ಕಳಿಸಿದರು.

ಮುಂದುಗಡೆಯ ಎಲ್ಲ ಸದ್ದೂ ಅಪಾಯದ್ದಲ್ಲ, ಹೆದರಬೇಡಿ. ಹೆಚ್ಚಿನವು ಸಣ್ಣ ವಿಷಯ. ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ನೋಡಿಕೊಂಡರೆ ಸುಮ್ನೆ ಹೆಡ್‌ಸೆಟ್‌ಗೆ ದುಡ್ಡು ಸುರಿಯುವುದು ತಪ್ಪುತ್ತದೆ. ಮೊದಲು ಸದ್ದು ಯಾವಾಗ ಬರುತ್ತದೆ ಎಂದು ಗಮನಿಸಿ. ಚಕ್ರ ಒಂದು ಸುತ್ತು ಬಂದಾಗೊಮ್ಮೆ ಟಿಕ್ ಅಂದರೆ ಅದು ಚಕ್ರದ್ದು. ಕಡ್ಡಿ ಸಡಿಲವಾಗಿರಬಹುದು, ಕಡ್ಡಿಗಳು ಒಂದನ್ನೊಂದು ದಾಟುವಲ್ಲಿ ಉಜ್ಜುತ್ತಿರಬಹುದು, ವಾಲ್ವ್‌ನ ಸಣ್ಣ ನಟ್ ಅಲುಗುತ್ತಿರಬಹುದು. ಶ್ ಶ್ ಎಂದು ಉಜ್ಜುತ್ತಿದ್ದರೆ ಡಿಸ್ಕ್ ಪ್ಯಾಡ್‌ಗೆ ತಗಲುತ್ತಿದೆ. ಹಂಪ್ ಮೇಲೆ, ವೈಟ್ ಟಾಪಿಂಗ್ ರಸ್ತೆಯ ಜಾಯಿಂಟ್ ಮೇಲೆ ಮಾತ್ರ ಲೊಡಲೊಡ ಅಂದರೆ ಕೇಬಲ್, ಲೈಟ್, ಕಂಪ್ಯೂಟರ್ ಮೌಂಟ್ ಇವನ್ನು ಒಂದೊಂದಾಗಿ ಬಿಚ್ಚಿಟ್ಟು ಓಡಿಸಿ ನೋಡಿ. ಚಕ್ರವನ್ನು ಫೋರ್ಕ್‌ಗೆ ಬಿಗಿಯುವ ಕ್ವಿಕ್ ರಿಲೀಸ್ ಒಣಗಿದ್ದರೂ ಕಿರಗುಟ್ಟುತ್ತದೆ, ಮತ್ತು ಆ ಸದ್ದು ಹೆಡ್‌ಸೆಟ್‌ನಿಂದಲೇ ಬಂದ ಹಾಗೆ ಕೇಳಿಸುತ್ತದೆ. ಫ್ರೇಮ್ ಸದ್ದನ್ನು ಎಲ್ಲಿಂದ ಎಲ್ಲಿಗೋ ಸಾಗಿಸುತ್ತದೆ. ಕಿವಿಯೊಂದನ್ನೇ ನಂಬುವ ಹಾಗಿಲ್ಲ.

ಹೆಡ್‌ಸೆಟ್ ಸಡಿಲವಾ ಎಂದು ತಿಳಿಯಲು ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿದು ಸೈಕಲನ್ನು ಹಿಂದೆ ಮುಂದೆ ತಳ್ಳಿ. ಇನ್ನೊಂದು ಕೈಯನ್ನು ಫ್ರೇಮ್ ಮತ್ತು ಸ್ಪೇಸರ್ (ಸ್ಟೆಮ್ ಕೆಳಗಿನ ಬಳೆಗಳು) ಸೇರುವ ಜಾಗದಲ್ಲಿಡಿ. ಸಡಿಲ ಇದ್ದರೆ ಬೆರಳಿಗೆ ಕಟಕ್ ಎಂದು ತಾಗುತ್ತದೆ. ಬ್ರೇಕ್ ಪ್ಯಾಡ್ ಅಲುಗಿದರೂ ಹೀಗೇ ಅನ್ನಿಸಬಹುದು. ಅದಕ್ಕೆ ಹ್ಯಾಂಡಲನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ಮತ್ತೆ ತಳ್ಳಿ. ಆಗಲೂ ಕಟಕ್ ಅಂದರೆ ಹೆಡ್‌ಸೆಟ್ ಮೇಲೆ ಅನುಮಾನ ಜಾಸ್ತಿ. ಆಮೇಲೆ ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ಆಚೆ ಈಚೆ ತಿರುಗಿಸಿ. ನೇರಕ್ಕೆ ಬಂದಾಗ ತಡೆದು ನಿಂತಂತೆ ಆದರೆ ಬೇರಿಂಗ್ ಹಾಳಾಗಿದೆ, ಬದಲಾಯಿಸಲೇಬೇಕು.

ಸಡಿಲ ತೆಗೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಸ್ಟೆಮ್‌ನ ಪಕ್ಕದ ಬೋಲ್ಟ್‌ಗಳನ್ನು ಸಡಿಲಿಸಬೇಕು. ಆಮೇಲೆ ಟಾಪ್ ಕ್ಯಾಪನ್ನು ಕಟಕ್ ಹೋಗುವಷ್ಟು ಮಾತ್ರ ಬಿಗಿ ಮಾಡಬೇಕು. ಹ್ಯಾಂಡಲ್ ನೇರ ಮಾಡಿ ಕೊನೆಗೆ ಪಕ್ಕದ ಬೋಲ್ಟ್‌ಗಳನ್ನು ಒಂದಾದ ಮೇಲೊಂದು, ಸ್ವಲ್ಪ ಸ್ವಲ್ಪವೇ, ಟಾರ್ಕ್ ವ್ರೆಂಚ್‌ನಲ್ಲಿ ಬಿಗಿ ಮಾಡಬೇಕು. ಪಕ್ಕದ ಬೋಲ್ಟ್ ಸಡಿಲಿಸದೆಯೇ ಟಾಪ್ ಕ್ಯಾಪ್ ತಿರುಗಿಸುವವರನ್ನು ಕಂಡರೆ ಅಲ್ಲೇ ನಿಲ್ಲಿಸಿ. ಅದರಿಂದ ಏನೂ ಸರಿಹೋಗುವುದಿಲ್ಲ.

ಇಷ್ಟೆಲ್ಲ ನೋಡಿಯೂ ಹ್ಯಾಂಡಲ್ ಎಳೆದಾಗ ಕಿರ್ ಅನ್ನುತ್ತಿದ್ದರೆ ಸ್ಟೆಮ್, ಹ್ಯಾಂಡಲ್ ಬಾರ್, ಫೋರ್ಕ್ ಮೂರನ್ನೂ ಬಿಚ್ಚಲೇಬೇಕು. ಗೊತ್ತಿರುವವರಿಗೆ ಇದು ದೊಡ್ಡ ಕೆಲಸವಲ್ಲ. ಹೆಚ್ಚಿನ ಸಲ ಕಾಣುವುದು ಕೆಂಪು ಮಣ್ಣು, ಒಣಗಿದ ಗ್ರೀಸ್, ತುಕ್ಕು. ನಮ್ಮ ಊರಿನ ಮಳೆಯಲ್ಲಿ ಮುಂದಿನ ಚಕ್ರ ಎರಚುವ ಕೆಸರುನೀರು ನೇರವಾಗಿ ಕೆಳಗಿನ ಬೇರಿಂಗ್‌ಗೆ ಹೋಗುತ್ತದೆ. ಬೈಕ್ ವಾಟರ್ ಸರ್ವಿಸ್‌ನಲ್ಲಿ ಪ್ರೆಷರ್ ಹೊಡೆಸಿದರಂತೂ ಸೀಲ್ ದಾಟಿ ಒಳಗೆ ನುಗ್ಗುತ್ತದೆ, ದಯವಿಟ್ಟು ಹಾಗೆ ತೊಳೆಸಬೇಡಿ. ಮನೆಯಲ್ಲಿ ಟ್ರೇನರ್ ಸ್ಟ್ಯಾಂಡ್ ಮೇಲೆ ಸೈಕಲ್ ನಿಲ್ಲಿಸಿ ತುಳಿಯುವವರ ಬೆವರು ಹೆಡ್‌ಸೆಟ್ ಮೇಲೆ ತೊಟ್ಟಿಕ್ಕುತ್ತದೆ. ಹ್ಯಾಂಡಲ್‌ಗೆ ಸುತ್ತಿದ ಟೇಪ್ ಕೆಳಗೆ ಅಲ್ಯೂಮಿನಿಯಂ ಬಾರನ್ನೂ ತಿನ್ನುತ್ತದೆ. ಟೇಪ್ ಬದಲಾಯಿಸುವಾಗಲೆಲ್ಲ ಬಾರ್ ಮೇಲೆ ಬಿಳಿ ಪುಡಿ, ಗುಂಡಿ ಇದೆಯಾ ನೋಡಿ.

ಒರೆಸಿ, ಬೇರಿಂಗ್ ಕೂರುವ ಜಾಗಕ್ಕೆ ಗ್ರೀಸ್ ಹಚ್ಚಿ ಜೋಡಿಸಿದರೆ ಸಾಮಾನ್ಯವಾಗಿ ಸದ್ದು ಹೋಗುತ್ತದೆ. ಕಾರ್ಬನ್ ಸ್ಟೀರರ್ ಮೇಲೆ ಸ್ಟೆಮ್ ಕಚ್ಚುವ ಜಾಗಕ್ಕೆ ಮಾತ್ರ ಗ್ರೀಸ್ ಬೇಡ. ಅಲ್ಲಿಗೆ ಮರಳಿನ ಹಾಗೆ ತರಿತರಿ ಇರುವ ಕಾರ್ಬನ್ ಪೇಸ್ಟ್ ಬರುತ್ತದೆ. ಅದನ್ನು ಹಚ್ಚಿದರೆ ಕಡಿಮೆ ಬಿಗಿಯಲ್ಲೇ ಸ್ಟೆಮ್ ಜಾರದೆ ನಿಲ್ಲುತ್ತದೆ. ಬಿಚ್ಚಿದಾಗ ಎರಡು ಜಾಗ ಕಡ್ಡಾಯವಾಗಿ ನೋಡಿ: ಸ್ಟೆಮ್ ಕಚ್ಚುವ ಭಾಗ, ಮತ್ತು ಸ್ಟೀರರ್ ಬುಡದಲ್ಲಿ ಕೆಳಗಿನ ಬೇರಿಂಗ್ ಕೂರುವ ಭಾಗ. ಗೆರೆ ಕಂಡರೆ ಅದು ಬಣ್ಣದ ಮೇಲಿನ ಗೀರು ಎಂದು ಯಾರಾದರೂ ಹೇಳಬಹುದು. ಕೊಳವೆಯ ಸುತ್ತ ಅಡ್ಡವಾಗಿ ಓಡುವ, ಉಗುರಿಗೆ ತಗಲುವ ಗೆರೆಯನ್ನು ಗೀರು ಎಂದು ಒಪ್ಪಿಕೊಳ್ಳಬೇಡಿ. ಅನುಮಾನ ಇದ್ದರೂ ಫೋರ್ಕ್ ಬದಲಾಯಿಸಿ. ಸ್ಟೀರರ್‌ಗೆ ಅಂಟು, ರಿಪೇರಿ ಎಂದು ಹೇಳುವವರ ಮಾತು ಕೇಳಬೇಡಿ.

ನನ್ನ ಹಳೆಯ ಅಂಗಡಿಗೆ ಬಿರುಕಿನ ಫೋಟೋ ತೋರಿಸಿದೆ. ಸ್ಟಾರ್ ನಟ್ ತಾವು ಹಾಕಿಲ್ಲ ಅಂದರು. ಬಿಲ್‌ನಲ್ಲಿ "ಸ್ಟೆಮ್ ಬದಲಾವಣೆ" ಎಂದಷ್ಟೇ ಇತ್ತು. ವಾದ ಅಲ್ಲಿಗೇ ನಿಂತಿತು. ಹೊಸ ಫೋರ್ಕ್ ನನ್ನ ಖರ್ಚಿನಲ್ಲೇ ಬಂತು. ಅದಕ್ಕೇ ಹೇಳುತ್ತಿದ್ದೇನೆ. ಸ್ಟೆಮ್, ಹೆಡ್‌ಸೆಟ್, ಫೋರ್ಕ್ ಏನೇ ಕೆಲಸ ಇದ್ದರೂ ಬಿಡುವ ಮೊದಲು ಟಾಪ್ ಕ್ಯಾಪ್ ತೆಗೆಸಿ ಒಳಗಿನ ಫೋಟೋ ತೆಗೆದುಕೊಳ್ಳಿ. ಕೆಲಸ ಮುಗಿದ ಮೇಲೆ ಇನ್ನೊಂದು. ತೆಗೆದ ಹಳೆಯ ಭಾಗಗಳನ್ನೆಲ್ಲ ವಾಪಸ್ ಕೇಳಿ. ಬಿಲ್‌ನಲ್ಲಿ ಹಾಕಿದ ಭಾಗದ ಹೆಸರು ಇರಲಿ. ಕಾರ್ಬನ್ ಕೆಲಸ ಮಾಡುವ ಅಂಗಡಿಯಲ್ಲಿ ಟಾರ್ಕ್ ವ್ರೆಂಚ್ ಇಲ್ಲದಿದ್ದರೆ ಅಲ್ಲಿ ಸೈಕಲ್ ಬಿಡಬೇಡಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೂ ಒಂದು ಮಾತು. ಬೆಂಗಳೂರಿನಲ್ಲಿ ಊರು ಬಿಟ್ಟು ಹೋಗುವವರು ಒಳ್ಳೊಳ್ಳೆ ರೋಡ್ ಬೈಕ್ ಮಾರುತ್ತಿರುತ್ತಾರೆ. ಎಲ್ಲರೂ ಗೇರ್, ಟೈರ್ ನೋಡುತ್ತಾರೆ. ನೀವು ಒಂದು ಅಲೆನ್ ಕೀ ಜೇಬಿನಲ್ಲಿಟ್ಟುಕೊಂಡು ಹೋಗಿ. ಸ್ಟೆಮ್ ಬೋಲ್ಟ್ ಮುಟ್ಟದೆ, ಚಕ್ರ ನೆಲದ ಮೇಲಿದ್ದ ಹಾಗೇ ಟಾಪ್ ಕ್ಯಾಪ್ ಒಂದನ್ನು ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ಮಾರುವವರು ಬೇಡ ಅನ್ನುವುದಕ್ಕೆ ಕಾರಣವೇ ಇಲ್ಲ. ದಪ್ಪ ಲೋಹದ ಪ್ಲಗ್ ಕೊಳವೆಯ ಗೋಡೆಗೆ ಒತ್ತಿಕೊಂಡು ಕೂತಿದ್ದರೆ ಸರಿ. ಕಾರ್ಬನ್ ಕೊಳವೆಯಲ್ಲಿ ತೆಳು ಎಸಳಿನ ಸ್ಟಾರ್ ನಟ್ ಕಂಡರೆ ಆ ಫೋರ್ಕ್‌ಗೆ ದುಡ್ಡು ಕೊಡಬೇಡಿ, ಟೆಸ್ಟ್ ರೈಡೂ ಬೇಡ.